ಒಡಿಯತ್ತಾ, ಸೋರತ್ತಾ, ಅರ್ಜೆಂಟಾ

ದುರ್ಗಿಗುಡಿಯ ಕನ್ನಡಕದಂಗಡಿಯ ಮೇಲೆ ನಮ್ಮ ಆಫೀಸು.
ಎರಡು ಮೇಜು, ಒಂದು ಬಿಳಿ ಹಲಗೆ,
ಅಳಿಸಿದರೂ ಅಲ್ಲಿಂದ ಹೋಗದ ನನ್ನ ಹಸಿರು.
ನಾಲ್ಕು ವರ್ಷ ಕೂತು ಮಾಡಿದ್ದು:
ಬಟನ್ನಿಗೊಂದು ಎತ್ತರ, ಅಂಚಿಗೊಂದು ಬಾಗು,
ತಪ್ಪಾದರೆ ತೋರಿಸುವ, ಆದರೆ ಬೈಯದ ಕೆಂಪು.

ಯಾರಿಗೂ ಹೇಳಿಲ್ಲ, ನನ್ನ ದೊಡ್ಡ ಕೆಲಸವೆಂದರೆ
ಸಾಲಿಗೂ ಸಾಲಿಗೂ ನಡುವಿನ ಜಾಗ.
ಮೊದಲು ಅದು ಇಂಗ್ಲಿಷಿನ ಅಳತೆಗೆ ಹೊಲಿದ ಅಂಗಿ,
ಕನ್ನಡ ತೊಟ್ಟರೆ ಕಾಲು ಹೊರಗೆ.
ಒತ್ತಕ್ಷರಗಳ ಪಾದ ಕತ್ತರಿಸಿ
ರಿಪ್ಪನ್‌ಪೇಟೆ ರಿಪನ್‌ಪೇಟೆಯಾಗಿ
ಒಂದಿಡೀ ವರ್ಷ ಕುಂಟಿತ್ತು ಪರದೆಯ ಮೇಲೆ.
ನಾಲ್ಕು ಪಿಕ್ಸೆಲ್ ಹೆಚ್ಚಿಸಿದೆ, ಅಷ್ಟೆ.
ಪಕಾರ ತನ್ನ ಒತ್ತನ್ನು ಕೆಳಗಿಳಿಬಿಟ್ಟು ಕೂತಿತು,
ಕಟ್ಟೆಯ ಮೇಲೆ ಕೂತವರು ಕಾಲಾಡಿಸುವ ಹಾಗೆ.

ಈಗ ಇರ್ಷಾದ್ ಬೆಳಿಗ್ಗೆ ಬಂದು
ಬ್ಯಾಗು ಇಳಿಸುವ ಮೊದಲೇ ಎಐಗೆ ಎರಡು ಸಾಲು ಹೇಳುತ್ತಾನೆ.
ಟೀ ಬರುವಷ್ಟರಲ್ಲಿ ನಲವತ್ತು ಪರದೆ ಸಿದ್ಧ.
ಎಲ್ಲದರಲ್ಲೂ ನನ್ನ ಹಸಿರು, ನನ್ನ ಬಾಗು,
ಎಲ್ಲದರಲ್ಲೂ ಆ ನಾಲ್ಕು ಪಿಕ್ಸೆಲ್.
ಯಾಕೆ ಎಂದು ಅದಕ್ಕೆ ಗೊತ್ತಿಲ್ಲ. ಇರ್ಷಾದನಿಗೂ.
ಮೂರು ವಾರದ ಕೋಡು ಮೂರು ಬಿಸ್ಕತ್ತಿಗೆ ಮುಗಿದು
ಅವನು ತನ್ನ ಬೆರಳು ನೋಡಿಕೊಳ್ಳುತ್ತಾನೆ,
ಲಟಿಕೆ ತೆಗೆಯುತ್ತಾನೆ.
ಶುಕ್ರವಾರ ಕಾಮತರು ಕೇಳಿದರು, ನಯವಾಗಿಯೇ,
ಹಾಗಾದ್ರೆ ಇನ್ನು ನೀನೇನು ಮಾಡ್ತೀಯಮ್ಮ?
ಏನು ಹೇಳುವುದು,
ಅಡುಗೆ ಅವರದು, ಉಪ್ಪು ನನ್ನದು ಅನ್ನುವುದೇ?

ಖಾಸಗಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುವ ಆ್ಯಪ್.
ಮಂಗಳವಾರ ಬಸ್ ಸ್ಟ್ಯಾಂಡಿಗೆ ಒಯ್ದು
ಹೊಸನಗರದ ಬಸ್ಸು ನಿಲ್ಲುವ ಕಡೆ
ಸುನಂದಕ್ಕನ ಕೈಗೆ ಫೋನು ಕೊಟ್ಟೆ.
ಅವರ ಇನ್ನೊಂದು ಕೈಲಿ ಪುಟ್ಟ ಡಬ್ಬಿ,
ಒಳಗೆ ಹತ್ತಿಯಲ್ಲಿ ಸುತ್ತಿದ ಹೊಸ ಹಲ್ಲು ಸೆಟ್ಟು,
ರಿಪ್ಪನ್‌ಪೇಟೆಯ ಅಣ್ಣನಿಗೆ.
'ವಸ್ತುವಿನ ವರ್ಗ' ಎಂದಿತು ಪರದೆ.
ಹದಿನೆಂಟಿದ್ದವು. ಬೆರಳು ಮೇಲೆ ಕೆಳಗೆ ಓಡಾಡಿ
'ಬಿಡಿಭಾಗ'ದ ಮೇಲೆ ಒಂದು ಗಳಿಗೆ ನಿಂತು
ಕೊನೆಗೆ 'ಆಹಾರ' ಒತ್ತಿತು.
ಊಟಕ್ಕೇ ಅಲ್ವಾ, ಎಂದರು.
ಆಮೇಲೆ 'ಸಲ್ಲಿಸು' ಕಂಡು ಗಾಬರಿ:
ಇದು ದೇವಸ್ಥಾನದ್ದಾ?

ನಾನು ಬರೆದುಕೊಳ್ಳುತ್ತಿರುವಾಗಲೇ ಕಂಡಕ್ಟರ್ ಹೂವಪ್ಪ
ಟಿಕೆಟ್ ಮೆಷಿನ್ ಕಂಕುಳಿಗೆ ಸಿಕ್ಕಿಸಿ ಡಬ್ಬಿ ಇಸ್ಕೊಂಡ.
ಒಡಿಯತ್ತಾ? ಸೋರತ್ತಾ? ಅರ್ಜೆಂಟಾ?

ಮೂರೇ.
ಇಪ್ಪತ್ತೆರಡು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತು
ತೇದು ತೇದು ಉಳಿದದ್ದು.
ಒಡೆಯುವುದು ಡ್ರೈವರ್ ಪಕ್ಕ, ಸೋರುವುದು ಹಿಂದೆ,
ಅರ್ಜೆಂಟಿನದು ಅವನ ದುಡ್ಡಿನ ಚೀಲಕ್ಕೆ.
ಹಲ್ಲು ಚಿಲ್ಲರೆಯ ಜೊತೆ ಕೂತವು.

ಆಫೀಸಿಗೆ ಓಡಿ ಹೇಳಿದೆ. ಇರ್ಷಾದ್ ಅದಕ್ಕೆ ಹೇಳಿದ.
ನಾಲ್ಕು ನಿಮಿಷ. ಹದಿನೆಂಟು ವರ್ಗ ಮಾಯ,
ಮೂರು ಪ್ರಶ್ನೆ, ಮೂರು ಹಸಿರು.
ಆದರೆ 'ಒಡಿಯತ್ತಾ' ಎಂಬುದನ್ನು ಅದು ತಿದ್ದಿತ್ತು:
'ಈ ವಸ್ತುವು ಭಂಗುರವೇ?'
ಇಬ್ಬರೂ ನಕ್ಕೆವು, ಬಹಳ ದಿನಕ್ಕೆ.
ತಿದ್ದಿದ್ದನ್ನು ತಿದ್ದಿದೆ. ಅದು ಕ್ಷಮೆ ಕೇಳಿತು
(ವಿನಯದಲ್ಲಿ ಅದನ್ನು ಮೀರಿಸುವವರಿಲ್ಲ),
ಇನ್ನೇನಾದರೂ ಉಳಿದಿದೆಯೇ ಎಂದಿತು.

ಉಳಿದಿತ್ತು.
ಬಸ್ಸು ಹೊರಳುವಾಗ ಹೂವಪ್ಪ ಕೇಳಿದ್ದ ಇನ್ನೊಂದು,
ನಾನು ಬರೆದುಕೊಳ್ಳದೆ ಬಿಟ್ಟದ್ದು:
ಅಲ್ಲಿ ಯಾರ್ ನಿಂತಿರ್ತಾರೆ?
ಸುನಂದಕ್ಕ ಬಾಗಿಲಿನ ಜೊತೆ ನಾಲ್ಕು ಹೆಜ್ಜೆ ಓಡುತ್ತಾ,
ನಮ್ಮಣ್ಣ. ಮೋರಿ ಹತ್ರ. ಹಲ್ಲಿಲ್ಲ,
ನಿನ್ ಬಸ್ ಕಂಡ್ರೆ ನಗ್ತಾನೆ, ಗುರ್ತು ಸಿಗತ್ತೆ.

ಇರ್ಷಾದ್ ಕಾಯುತ್ತಿದ್ದಾನೆ. ಕರ್ಸರು ಮಿಟುಕುತ್ತಿದೆ.
ಇದು ಹೆಸರಿನ ಜಾಗವೋ, ವಿಳಾಸದ್ದೋ,
ಎಷ್ಟು ಅಕ್ಷರ ಬಿಡಬೇಕು,
ಖಾಲಿ ಬಿಟ್ಟರೆ ಕೆಂಪು ಬರಬೇಕೋ ಬೇಡವೋ.
ಕೆಳಗೆ ಅಂಗಡಿಯಲ್ಲಿ ಯಾರಿಗೋ
ಅಕ್ಷರ ಓದಿಸುತ್ತಿದ್ದಾರೆ, ದೊಡ್ಡದರಿಂದ ಸಣ್ಣದಕ್ಕೆ.

ಸಾಲು ಎತ್ತರ ಇಡು, ಎಂದೆ.
ಅಗಲ ಆಮೇಲೆ ನೋಡೋಣ.