ಏಳು ಮಿನಿಟು

ಹತ್ತು ಕೋಟಿ ರೂಪಾಯಿ ಅದ ಅಂತ ತಿಳ್ಕೊಳ್ರಿ, ಅಂದ್ರು
ಅರ್ಥಶಾಸ್ತ್ರದ ಮೇಡಂ.
ತಿಳ್ಕೊಂಡ್ವಿ.
ಶಹಾಬಾದ ಕಾಲೇಜಿನ ಹಾಲಿನೊಳಗ
ಎಪ್ಪತ್ತು ಮಂದಿ, ಮೂರು ಫ್ಯಾನು, ತಿರುಗೋದು ಎರಡು.
ಐದು ತಂಡ. ಒಂದೊಂದಕ್ಕ ಏಳು ಮಿನಿಟು.
ರೊಕ್ಕ ಯಾತಕ್ಕ ಹಾಕಬೇಕು ಅಂತ ಅವರು ವಾದ ಮಾಡ್ಬೇಕು,
ಏಳಕ್ಕ ನಾ ಗಂಟಿ ಹೊಡೀಬೇಕು.

ಇಪ್ಪತ್ತಾರು ವರ್ಷ ಹೊಡದೀನಿ.
ವರಾಂಡದಾಗಿನ ರೈಲುಪಟ್ಟಿ ತುಂಡು ಬಿಚ್ಚಿ
ಇವತ್ತು ಸ್ಟೇಜಿನ ಬಾಜೂಕ ಕಿಟಕಿಗೆ ಕಟ್ಟೀನಿ.
ಇದರ ಸಪ್ಪಳಕ್ಕ ಪಾಠ ನಿಂತಾವ, ಜಗಳ ನಿಂತಾವ,
ಒಮ್ಮೆ ಒಬ್ಬ ಅತಿಥಿಯ ಭಾಷಣಾನೂ ನಿಂತದ.

ಮೊದಲು ವಿಶ್ವಾರಾಧ್ಯನ ತಂಡ: ಬ್ಯಾಳಿ ಮಿಲ್ಲು.
ತೊಗರಿ ನಮ್ಮದು, ಪಾಲೀಶು ಬ್ಯಾರೆ ಊರಿಂದು,
ಲಾಭ ಬ್ಯಾರೆ ಕಿಸೇಕ, ಹೊಟ್ಟು ನಮ್ಮ ಎಮ್ಮಿಗೆ, ಅಂದ.
ರಿಟೈರಾದ ಬ್ಯಾಂಕಿನ ಸಾಹೇಬ್ರು ತಲಿ ಆಡಿಸಿದ್ರು.
ಹತ್ತು ಸೆಕೆಂಡು ಇರೋವಾಗಲೇ ಮುಗಿಸಿ
ನನ್ನ ಕಡೆ ನೋಡಿ ನಕ್ಕ. ಜಾಣ.

ಮಹಜಬೀನ್ ಮಾತು ಕಮ್ಮಿ.
ಫರಸಿ ಕೊರಿಯೋ ಮಷೀನಿನ ಬುಡದ ಧೂಳು
ಕರ್ಚೀಪಿನ್ಯಾಗ ಕಟ್ಕೊಂಡು ಬಂದಾಕಿ
ಸಾಹೇಬ್ರ ಮೇಜಿನ ಮ್ಯಾಲ ಝಾಡಿಸಿದ್ಲು.
"ಇದು ದಿನಾ ಎದಿಯೊಳಗ ಹೋಗ್ತದ್ರಿ.
ಎಕ್ಸ್‌ರೇ ಗಾಡಿ ಒಂದು ಬೇಕ್ರಿ."
ಸಾಹೇಬ್ರು ಚಹಾದ ಕಪ್ಪಿನ ಮ್ಯಾಲ ಕೈ ಮುಚ್ಚಿದ್ರು.

ಮೂರನೇದವರದು ಲ್ಯಾಪ್‌ಟಾಪು.
ಕೌಶಲ್ಯ ಕೇಂದ್ರ ಅಂತ ಗ್ವಾಡಿ ಮ್ಯಾಲ ಬಂತು,
ಮುಂದಿಂದು ಬರಲೇ ಇಲ್ಲ.
ವೈರು ಹಿಡ್ಕೊಂಡು ನಿಂತ ಮಿನಿಟೂ ಲೆಕ್ಕಕ್ಕ.

ಆಮ್ಯಾಲ ಚಂದಮ್ಮ, ಬಗಲಾಗ ತಮ್ಮ.
ಅವನ್ನ ನನ್ನ ಕಾಲ ಬುಡಕ್ಕ ಇಳಿಸಿ ಸ್ಟೇಜು ಹತ್ತಿದ್ಲು.
ಖಣಿ ದಂಡಿಗೆ ಒಂದು ಖೋಲಿ, ನೆರಳು,
ಕೂಸು ನೋಡ್ಕೊಳ್ಳಾಕ ಇಬ್ಬರು ಹೆಣ್ಮಕ್ಕಳು:
ಎಷ್ಟು ತಾಯಂದ್ರು, ಎಷ್ಟು ಕೂಲಿ,
ಎಷ್ಟು ಅಕ್ಕಂದ್ರು ಸಾಲಿ ಬಿಟ್ಟಾರ,
ಕೂಡಿಸಿ ಕಳದು ಬೋರ್ಡಿನ ಮ್ಯಾಲ ಬರದ್ಲು.
ತಮ್ಮನ ಕಡೆ ಒಮ್ಮೆನೂ ಬಟ್ಟು ಮಾಡಿ ತೋರಿಸಲಿಲ್ಲ.

ಏಳಾಯ್ತು.
ಗಂಟಿ ಹೊಡಿಯೋ ಸಳಿ ಹುಡುಗನ ಕೈಯಾಗ.
ಕಸ್ಕೋಬಹುದಿತ್ತು. ಎರಡು ವರ್ಷದ ಮುಷ್ಟಿ,
ಎಷ್ಟರ ಶಕ್ತಿ?
ಮೇಡಂ ನನ್ನ ಕಡೆ ನೋಡಿದ್ರು,
ನಾ ಹುಡುಗನ್ನ ತೋರಿಸಿದೆ.
ಒಂದೂವರಿ ಮಿನಿಟು ಹಂಗೇ ಹೋಯ್ತು.
ಕಡೀಕ ಅವನೇ ಹೊಡದ,
ಪಟ್ಟಿಗಲ್ಲ, ನನ್ನ ಮೊಣಕಾಲಿಗೆ.

ಹತ್ತು ಕೋಟಿ ಬರೇ ತಿಳ್ಕೊಂಡದ್ದು.
ಈ ಒಂದೂವರಿ ಮಿನಿಟು ಖರೇ,
ನನ್ನ ಹತ್ತಿರ ಇತ್ತು, ಕೊಟ್ಟೆ,
ಅಂತ ಜರಾ ಎದಿ ಉಬ್ಬಿತ್ತು.

ಉಳದಾಂವ ಮಲ್ಕಪ್ಪ, ಹೊನಗುಂಟಾದವ.
ಅವನ ಮಾತು ಬಾಗಲದಾಗ ನಿಂತು ನಿಂತು ಬರ್ತದ.
ಊರಿಗೆ ಇನ್ನೊಂದು ಬಸ್ಸು ಬೇಕ್ರಿ ಅಂತ
ಹೇಳೋದರಾಗ ಮೂರು ಮಿನಿಟು ಹೋದ್ವು.
ನಾಕಕ್ಕ ಅವರ ಬಸ್ಸು. ಅದಕ್ಕ ಮೊದಲು ಹಾಲು ಖಾಲಿ ಆಗಬೇಕು.
ಐದೂವರಿಗೆ ಮೇಡಂ ಸನ್ನಿ ಮಾಡಿದ್ರು. ಹೊಡದೆ.
"ಲ್ಯಾಬು ಇದ್ದ ದಿ... ದಿನ ನಾವು..."
ಮುಂದಿಂದು ಸಪ್ಪಳದಾಗ ಮುಳುಗ್ತು.
ಚಾರ್ಟು ಸುತ್ತಿ ಬಗಲಾಗ ಒತ್ಕೊಂಡು ಓಡಿದ,
ಅದೇ ಬಸ್ಸಿಗೆ.

ಬ್ಯಾಳಿ ಮಿಲ್ಲಿಗೆ ಮೊದಲನೇ ಬಹುಮಾನ, ಸ್ಟೀಲಿನ ಡಬ್ಬಿ.
ಎಲ್ಲಾರೂ ಹ್ವಾದ ಮ್ಯಾಲ ಮೇಜು ಒರಸಿದೆ.
ಹಸಿ ಅರಿವಿಲೆ ಎರಡು ಸಲ ಒರಸಿದ್ರೂ
ಧೂಳಿನ ಬಿಳಿ ಗೆರಿ ಹೋಗಲಿಲ್ಲ.
ಕೊಡಾಂವ ಎಲ್ಲಿಂದ ಕೊಡ್ತಾನ, ಅದೂ ತಲಿಯಾಗ ಹಂಗೇ ಕುಂತಿತ್ತು.

ಮರುದಿನ ಮುಂಜಾನೆ ಮಲ್ಕಪ್ಪ ಬಂದ.
"ಕಾಕಾ, ನಂದು ಏಳಾಗಿತ್ತೇನ್ರಿ?"
ಸುಮ್ನೆ ಗಡಿಯಾರ ನೋಡಿದೆ.
"ಐದೂವರಿ," ಅಂದೆ.
ಸಿಟ್ಟಿಗೇಳಲಿಲ್ಲ ಹುಡುಗ.
"ಉಳದದ್ದು ಈಗ ಹೇ... ಹೇಳ್ಲೇನ್ರಿ?"

ಸಳಿ ಕಿಟಕಿ ಮ್ಯಾಲಿಟ್ಟು ಕಟ್ಟಿಗೆ ಕುಂತೆ.
ಅವತ್ತು ನಮ್ಮ ಕಾಲೇಜಿನಾಗ
ಮೊದಲನೇ ಪೀರಿಯಡ್ಡು ಜರಾ ತಡಾ ಆಯ್ತು.