ಕೆಳಗಿನ ಹದಿನೇಳು ಸಾಲು

ಡಾಕ್ಟರ್ ತ್ಸಿಸಾನ ಕಾಗದದ ಮೇಲೆ ಮೆಟ್ಟಿಲು ಬರೆದರು.
ಸೊನ್ನೆಯಿಂದ ನಾಲ್ಕು. ಎರಡರ ಮೇಲೆ ಪೆನ್ನಿನ ಚುಕ್ಕಿ.
'ನೀವು ಇಲ್ಲಿ' ಅಂದರು,
ಬಸ್ ನಿಲ್ದಾಣದ ನಕಾಶೆ ತೋರಿಸುವ ಹಾಗೆ.

ನಲವತ್ತೆಂಟು ವಾರ, ವಾರಕ್ಕೊಂದು ಸೂಜಿ,
ಬೆಳಿಗ್ಗೆ ಸಂಜೆ ಗುಳಿಗೆ.
ವಾಸಿಯಾಗುವುದು ನೂರಕ್ಕೆ ಅರ್ಧದೊಳಗೆ.
ಇಲ್ಲವೇ ಕಾಯಬಹುದು.
ಐದಾರು ವರ್ಷಕ್ಕೆ ಒಳ್ಳೆಯ ಮಾತ್ರೆ ಬರುತ್ತದಂತೆ,
ಎಲ್ಲೋ ಪ್ರಯೋಗ ನಡೆದಿದೆಯಂತೆ.
ಅಂತೆಕಂತೆಗಳ ಗಂಟು ಮಡಿಲಲ್ಲಿಟ್ಟುಕೊಂಡು
ತ್ಬಿಲಿಸಿಯಿಂದ ಅಲಝಾನಿ ಕಣಿವೆಗಿಳಿಯುವ ವ್ಯಾನು ಹತ್ತಿದೆ.

ಕಾಯುವುದು ನಮಗೆ ಹೊಸತೇ, ಮಕ್ವಾಲಾ?
ಅಜ್ಜ ಕತ್ತಿನವರೆಗೆ ಹೂತಿಟ್ಟ ಮಣ್ಣಿನ ಹಂಡೆ,
ಸಿಪ್ಪೆ ಬೀಜ ತೊಟ್ಟಿನ ಸಮೇತ ದ್ರಾಕ್ಷಿ ಸುರಿದು
ಕಲ್ಲು ಮುಚ್ಚಿ ಜೇಡಿ ಮೆತ್ತಿದರೆ
ವಸಂತದವರೆಗೆ ಇಣುಕುವಂತಿಲ್ಲ.
ಇದೂ ಹಾಗೇ ಅಂದುಕೋ.

ಅವಳು ಪಾತ್ರೆ ಉಜ್ಜುತ್ತಲೇ ಅಂದಳು:
'ಹಂಡೆಗೆ ಕಿವಿಯಿಟ್ಟು ಕೇಳಿದವನಲ್ಲವೇ ನೀನು,
ಒಳಗೆ ಸುಮ್ಮನಿರುತ್ತದಾ ಅದು?'

ನುಗ್ಝಾರ್ ಕಾಯಲಿಲ್ಲ. ಎರಡು ಹಸು, ಒಂದು ಟ್ರ್ಯಾಕ್ಟರು ಮಾರಿದ.
ಶುಕ್ರವಾರ ಸೂಜಿ, ಶನಿವಾರ ಚಳಿಜ್ವರ,
ಭಾನುವಾರ ಯಾರ ಮೇಲೆಂದು ತಿಳಿಯದ ಸಿಟ್ಟು.
ಅಕ್ರೋಟು ಮರಕ್ಕೆ ಹಣೆಯೊತ್ತಿ ಅಳುತ್ತಿದ್ದವನನ್ನು
ಬೇಲಿಯಾಚೆಯಿಂದ ಕಂಡೂ ಕಾಣದಂತೆ ಬಂದವನು ನಾನೇ.
ಹೋಯಿತು ಅಂದರು.
ಆರು ತಿಂಗಳಿಗೆ ಅದು ಮತ್ತೆ ಬಂತು.
ಹಸುಗಳು ಬರಲಿಲ್ಲ.

ಊರಿನ ಔತಣಕ್ಕೆಲ್ಲ ಮೇಜಿನ ತಲೆಗೆ ನನ್ನದೇ ಕುರ್ಚಿ.
ಸತ್ತವರಿಗೆ, ಬಂದವರಿಗೆ, ಇನ್ನೂ ಹುಟ್ಟದವರಿಗೆ
ಮಾತು ಕಟ್ಟಿ ಬಟ್ಟಲೆತ್ತುವವನು.
ಈಗ ಬಟ್ಟಲಲ್ಲಿ ದಾಳಿಂಬೆ ರಸ. ಬಣ್ಣ ಒಂದೇ.
ಮಗಳು ಲಾಲಿ ಒಮ್ಮೆ ಮೂಸಿದಳು,
ನನ್ನ ಮುಖ ನೋಡಿದಳು,
ಮರುದಿನದಿಂದ ದಾಳಿಂಬೆ ಹಿಂಡುವವಳು ಅವಳೇ.

ಮೂರು ಸುಗ್ಗಿ ಹೀಗೇ ಹೋದವು.
ಕೊಯ್ಲಾಗಲಿ ಅಂದೆ. ಹಂಡೆ ತೆರೆಯಲಿ ಅಂದೆ.
ಲಾಲಿಯ ಪರೀಕ್ಷೆ ಮುಗಿಯಲಿ.
ಮತ್ತೆ ಪಕ್ಕೆಗೆ ಸೂಜಿ ಹೊಗಿಸಿ ದಾರದೆಳೆಯಷ್ಟು ತುಣುಕು ತೆಗೆದರು.
ತ್ಸಿಸಾನ ಹೊಸ ಕಾಗದ ಹುಡುಕಲಿಲ್ಲ.
ಹಳೆಯದನ್ನೇ ಫೈಲಿನಿಂದೆಳೆದು ಮೂರರ ಮೇಲೆ ಚುಕ್ಕಿಯಿಟ್ಟರು.
ಆ ಒಳ್ಳೆಯ ಮಾತ್ರೆ?
'ಇನ್ನು ಐದಾರು ವರ್ಷ' ಅಂದರು.
ಆಗಲೂ ಅಷ್ಟೇ ಅಂದಿದ್ದರು.

ಕೆಳಗಿನ ಹದಿನೇಳು ಸಾಲು ಸಪೆರವಿ ಕೊಂಡವನು
ತೆಲಾವಿಯ ಹೋಟೆಲಿನವ. ಬಳ್ಳಿ ಬೇಡ, ನೆಲ ಸಾಕಂತೆ,
ಈಜುಕೊಳ ತೋಡಿಸುತ್ತಾನಂತೆ.
ಮಕ್ವಾಲ ಸಾಲಿನ ಕಂಬಕ್ಕೆಲ್ಲ ಕೆಂಪು ದಾರ ಕಟ್ಟುತ್ತಾ ಹೋಗಿ
ಹದಿನೆಂಟನೆಯದಕ್ಕೂ ಕಟ್ಟಿದಳು,
ಹಿಂದೆ ಬಂದು ಬಿಚ್ಚಿದಳು, ದಾರ ಬಾಯಲ್ಲಿ ಕಚ್ಚಿಕೊಂಡೇ
ಮನೆಯವರೆಗೂ ನಡೆದಳು.

ಡಬ್ಬಿ ಫ್ರಿಜ್ಜಿನಲ್ಲಿದೆ, ಚೀಸಿನ ಪಕ್ಕ.
ಎರಡು ಶುಕ್ರವಾರ ದಾಟಿವೆ.
ಬೆಣ್ಣೆಗೆಂದು ಬಾಗಿಲು ತೆಗೆದಾಗ ದೀಪ ಅದರ ಮೇಲೇ ಬೀಳುತ್ತದೆ.
ಯಾರೂ ಏನೂ ಅನ್ನುವುದಿಲ್ಲ.

ಹಲ್ಲು ಕೀಳಿಸಿದಾಗ ಬಂತು ಎಂದಿದ್ದೇನೆ ಎಲ್ಲರಿಗೂ.
ಮಕ್ವಾಲಳಿಗೂ.
ಕರೆಂಟಿಲ್ಲದ ಆ ಚಳಿಗಾಲ, ಯುದ್ಧ ಮುಗಿದಿತ್ತೋ ಇಲ್ಲವೋ,
ನಾನೂ ಗೋಚನೂ ಸೀಮೆಎಣ್ಣೆ ಒಲೆಯ ಮುಂದೆ.
ಸೂಜಿ ಒಂದೇ.
ಮೊದಲು ನೀನು ಅಂದ. ಇಲ್ಲ, ಮೊದಲು ನೀನು ಅಂದೆ.
ಮರ್ಯಾದೆಗೇನೂ ಕೊರತೆಯಿರಲಿಲ್ಲ.
ಗೋಚ ಹೋಗಿ ಹನ್ನೊಂದು ವರ್ಷ.

ಆವತ್ತು ತೋಳು ಚಾಚಲು
ಬೆಂಕಿಕಡ್ಡಿ ಗೀರುವಷ್ಟೂ ಹೊತ್ತು ಹಿಡಿಯಲಿಲ್ಲ.
ಈಗ ಅಂಗಿ ಎತ್ತಿ, ಹೊಟ್ಟೆಯ ಮಡಿಕೆ ಬೆರಳಲ್ಲಿ ಹಿಡಿದು
ಸ್ಪಿರಿಟ್ಟು ಆರಿ ಹತ್ತಿ ಒಣಗಿದರೂ ಕೂತಿದ್ದೇನೆ.
ಮೂರನೇ ಶುಕ್ರವಾರ.
ಹೊರಗೆ ಮಕ್ವಾಲ
ಟೀವಿಯ ಸದ್ದು ತಗ್ಗಿಸಿದಳು.