ಹಿಂದ ಮುಚ್ಚಬ್ಯಾಡ

ಲಿಂಗಸುಗೂರಿನ ನನ್ನ ಅಂಗಡಿಗೆ
ಹಟ್ಟಿಯ ಹುಸೇನಪ್ಪ ತಂದ,
ಊಟದ ಡಬ್ಬಿಯ ಮುಚ್ಚಳದಲ್ಲಿ ಒಂದು ಬಿಳಿ ಕಲ್ಲು.
"ಇದರಾಗ ಬಂಗಾರ ಇಲ್ಲವ್ವ,
ಗೇಟಿನವರೂ ನೋಡಿ ನಕ್ಕು ಬಿಟ್ಟಾರ.
ಉಂಗುರಕ್ಕ ಕೂಡ್ತದೇನು?"

ಬೆಳ್ಳಿ ಅವನದೇ. ಸವೆದ ಎರಡು ಕಾಲುಂಗುರ.
ಯಾರವೆಂದು ನಾನು ಕೇಳಲಿಲ್ಲ,
ಮೂಸೆಯೂ ಕೇಳಲಿಲ್ಲ.

ಸಾಣೆಗೆ ಹಿಡಿದ ಮೂರನೇ ದಿನ
ಒಳಗೊಂದು ಬಿರುಕು ಕಂಡಿತು, ಕೂದಲೆಳೆಯಷ್ಟು.
ಅಪ್ಪನಾಗಿದ್ದರೆ ಬೈದು ಬಿಸಾಕುತ್ತಿದ್ದ.
ತಿರುಗಿಸಿ ತಿರುಗಿಸಿ ನೋಡಿದೆ:
ಸಂಜೆ ಬಿಸಿಲು ಅಲ್ಲಿ ಸಿಕ್ಕಿಕೊಂಡಿತ್ತು,
ಬಾಗಿಲ ಸಂದಿಗೆ ಸೆರಗು ಸಿಕ್ಕ ಹಾಗೆ.

ಬಿಳಿಗಾರ ಹಚ್ಚಿ ಊದಿದೆ, ಹುಣಸೆನೀರಲ್ಲಿ ಕುದಿಸಿದೆ,
ತೆಳು ತಗಡಿನಲ್ಲಿ ಕಲ್ಲಿಗೊಂದು ಮನೆ ಕಟ್ಟಿದೆ.
ತಳ ಮುಚ್ಚಲು ಹೋದಾಗ
ಕುರ್ಚಿಯಲ್ಲಿ ತೂಕಡಿಸುತ್ತಿದ್ದವ ಎದ್ದು ಕೂತ:

"ಹಿಂದ ಮುಚ್ಚಬ್ಯಾಡ.
ಮೂವತ್ತೊಂದು ವರ್ಷ, ಶಿಫ್ಟು ಮುಗಿಸಿ ಮ್ಯಾಲ ಬರೋ ಮುಂದ
ನೆತ್ತಿ ಮ್ಯಾಲ ನಾಕಾಣೆಯಷ್ಟು ಬೆಳಕು.
ಅಷ್ಟಿದ್ರ ಸಾಕು, ಅದಕ್ಕೂ."

ತಗಡನ್ನು ಕೆಳಗಿಟ್ಟೆ.
ಉಂಗುರ ಅವನ ಬೆರಳ ಗೆಣ್ಣಿಗೇ ನಿಂತಿತು, ಮುಂದೆ ಹೋಗಲಿಲ್ಲ.
ದೊಡ್ಡದು ಮಾಡುತ್ತೇನೆಂದರೂ ಕೇಳದೆ
ಕಿರುಬೆರಳಿಗೆ ತೂರಿಸಿ, ಮಜೂರಿ ಎಣಿಸಿಟ್ಟು,
ಬಸ್‌ಸ್ಟ್ಯಾಂಡಿನ ತನಕ
ಕೈಯನ್ನು ಬಿಸಿಲಿಗೆ ಚಾಚಿಕೊಂಡೇ ಹೋದ.